ಮಾದಪ್ಪನ ಮಲೆಯ ಹಳ್ಳಿಗಳಿಗೆ ದಾರಿ ಕೊಡಿ

ಮಾನ್ಯ ಮುಖ್ಯಮಂತ್ರಿಗಳಿಗೆ,



ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯಲ್ಲಿ ಮಲೆ ಮಹದೇಶ್ವರ ಮಾದಪ್ಪನ ಒಕ್ಕಲಿಲ್ಲದ ಊರಿಲ್ಲ. ಕಂಸಾಳೆಯ ದೇವರಗುಡ್ಡರು ಹಾಡುವ ಕಥೆಯಲ್ಲಿ ಮಾದಪ್ಪ ನಮ್ಮ ಸುತ್ತೂರು ಮಠದಲ್ಲಿ ರಾಗಿ ಬೀಸಿ, ಕುಂತೂರು ಮಠ ಹಾದು, ಎಪ್ಪತ್ತೇಳು ಮಲೆಗೆ ನಡೆದವನು. ಶಿವರಾತ್ರಿಗೂ ದೀಪಾವಳಿಗೂ ಪರಸೆ ಹೊರಡುವ ನಮಗೆ ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ ಗುಡಿಯವರೆಗೂ ಡಾಂಬರು ರಸ್ತೆಯಿದೆ. ಗುಡಿಯಾಚೆ ಮಲೆಯೊಳಗೆ ಬದುಕುವವರಿಗೆ ಅಂಥ ದಾರಿಯಿಲ್ಲ. ಅದನ್ನು ಕೇಳಲೆಂದೇ ಈ ಪತ್ರ.

ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ, ತೇಕಾಣೆ, ದೊಡ್ಡಾಣೆ. ಪೂರ್ವಘಟ್ಟದ ಈ ಮಡಿಲಲ್ಲಿ ಬೇಡಗಂಪಣರೂ ಸೋಲಿಗರೂ ಮಳೆ ನಂಬಿ ರಾಗಿ ಬೆಳೆದು, ದೊಡ್ಡಿ ಕಟ್ಟಿ ದನ ಸಾಕಿ ತಲೆಮಾರುಗಳೇ ಕಳೆದಿವೆ. ಮಾದಪ್ಪನ ಪೂಜೆ ಬೇಡಗಂಪಣರದು. ದೀಪಾವಳಿಯ ಹಾಲರವಿ ಉತ್ಸವಕ್ಕೆ ಕೊಡ ಹೊತ್ತು ಬರುವ 101 ಹೆಣ್ಣುಮಕ್ಕಳೂ ಅವರ ಮನೆಯವರೇ.

1956ರವರೆಗೆ ಈ ನಾಡು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಚಾಮರಾಜನಗರಕ್ಕೆ. 2013ರಲ್ಲಿ ಸುತ್ತಲ ಕಾಡು ವನ್ಯಜೀವಿಧಾಮವಾಯಿತು. ಇಷ್ಟೆಲ್ಲ ಆದರೂ ಹೆರಿಗೆ ನೋವು ಬಂದ ಹೆಂಗಸನ್ನು ಡೋಲಿ ಕಟ್ಟಿ ಹೊತ್ತು ತರುವುದು ನಿಲ್ಲಲಿಲ್ಲ. 2021ರಲ್ಲಿ ಅರಣ್ಯ ಇಲಾಖೆ ಶುರುಮಾಡಿದ ಜನ-ವನ ಸಾರಿಗೆಯ ಜೀಪುಗಳು ಒಳ್ಳೆಯ ಕೆಲಸ. ಆದರೆ ಜೀಪು ಓಡಲೂ ದಾರಿ ಬೇಕು.

2024ರ ಲೋಕಸಭೆ ಚುನಾವಣೆಯ ದಿನ ಇಂಡಿಗನತ್ತದ ಮತಗಟ್ಟೆ ಧ್ವಂಸವಾಯಿತು. ಆ ಹಿಂಸೆಯನ್ನು ನಾನು ಒಪ್ಪುವುದಿಲ್ಲ. ಅದರ ಹಿಂದಿದ್ದ ಮೂಲಸೌಕರ್ಯದ ಅಹವಾಲನ್ನು ಮಾತ್ರ ಸರ್ಕಾರ ಮರೆಯಬಾರದು. ಮರುವರ್ಷ ಏಪ್ರಿಲ್ 24ರಂದು ಸಚಿವ ಸಂಪುಟವೇ ಮಾದಪ್ಪನ ಬೆಟ್ಟದಲ್ಲಿ ಸಭೆ ಸೇರಿತು. ಅದಾದ ಎರಡು ತಿಂಗಳಲ್ಲಿ ಇದೇ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ವಿಷವಿಕ್ಕಿದ್ದಕ್ಕೆ ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಆ ಸುದ್ದಿಗೆ ನಮ್ಮೂರಲ್ಲೂ ಕರುಳು ಕಿವುಚಿತು. ಹುಲಿ ನಮಗೆ ಮಾದಪ್ಪನ ವಾಹನ. ಹುಲಿ ಉಳಿಯಬೇಕಾದರೆ ಕಾಡಿನ ಜನ ಸರ್ಕಾರವನ್ನು ನಂಬುವಂತಿರಬೇಕು.

ಕಾನೂನು ಅಡ್ಡ ಬರುತ್ತದೆನ್ನುವವರು 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮನ್ನು ಓದಲಿ. ಗ್ರಾಮಸಭೆ ಶಿಫಾರಸು ಮಾಡಿದರೆ, ಹೆಕ್ಟೇರಿಗೆ 75 ಮರ ಮೀರದಂತೆ, ಒಂದೊಂದು ಕಾಮಗಾರಿಗೂ ಒಂದು ಹೆಕ್ಟೇರಿನೊಳಗೆ ಅರಣ್ಯಭೂಮಿ ಕೊಡಲು ಅಲ್ಲಿ ಅವಕಾಶವಿದೆ. ಹತ್ತಡಿ ಅಗಲದ ದಾರಿಗೆ ಅಷ್ಟು ಜಾಗ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ. ಈಗಿರುವ ಕಾಲುದಾರಿ, ಜೀಪುದಾರಿಗಳ ಜಾಡಿನಲ್ಲೇ ಕಡಿದಾದ ಕಡೆ ಕಲ್ಲು ಹಾಸಿ, ಹಳ್ಳಗಳಿಗೆ ಮೋರಿ ಕಟ್ಟಿದರೆ ಆಂಬುಲೆನ್ಸ್ ಹೋಗಬಹುದು. ರೆಸಾರ್ಟಿನವರಿಗೂ ಪ್ರವಾಸಿ ವಾಹನಗಳಿಗೂ ಆ ದಾರಿ ಬೇಡ.

ಊರು ಬಿಟ್ಟು ಬರಲು ಮನಸ್ಸು ಮಾಡಿದವರಿಗೆ ಮೊದಲು ಭೂಮಿ, ಮನೆ ಕೊಡಿ, ಆಮೇಲೆ ಕರೆತನ್ನಿ. ಉಳಿಯುವೆನೆಂದವರನ್ನು ದಾರಿಯಿಲ್ಲದ ಬವಣೆಯಿಂದಲೇ ಹೊರದೂಡಬೇಡಿ. ಹಳ್ಳಿ ಹಳ್ಳಿಯಲ್ಲೂ ಗ್ರಾಮಸಭೆ ಕರೆಸಿ, ಅರಣ್ಯ ಮತ್ತು ಕಂದಾಯ ಅಧಿಕಾರಿಗಳನ್ನು ಒಟ್ಟಿಗೆ ಕೂರಿಸಿ, ಅಲ್ಲಿನ ತೀರ್ಮಾನದಂತೆ ಮುಂದಿನ ಮಳೆಗಾಲಕ್ಕೆ ಮೊದಲೇ ಕೆಲಸ ಆರಂಭಿಸಿ.

ಇಂತಿ,
ದೇವನೂರಿನ ಮಾದಪ್ಪನ ಒಕ್ಕಲು