ರಾತ್ರಿ ಪಾಳಿ ಸಿಕ್ಕಿತು, ತೊಟ್ಟಿಲು ಎಲ್ಲಿ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗಿನಿಂದ ಒಂದೇ ಮಾತು ಎಲ್ಲೆಡೆ ಕೇಳುತ್ತಿದೆ: ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿಯ ಬಾಗಿಲು ತೆರೆಯಿತು, ಇನ್ನು ವಿಮಾನ ಕಾರ್ಖಾನೆಯಲ್ಲಾಗಲಿ ಉಪಗ್ರಹದ ಪರೀಕ್ಷೆಯಲ್ಲಾಗಲಿ ಅವರನ್ನು ತಡೆಯುವವರಿಲ್ಲ. ಕರ್ನಾಟಕ ಈ ಬಾಗಿಲನ್ನು 2023ರ ಕಾರ್ಖಾನೆ ತಿದ್ದುಪಡಿಯಲ್ಲೇ ತೆರೆದಿತ್ತು ಎಂದು ಹೆಮ್ಮೆಪಡುವವರೂ ಇದ್ದಾರೆ. ಸಂಜೆ ಏಳರ ನಂತರ ಹೆಂಗಸರು ಕಾರ್ಖಾನೆಯಲ್ಲಿ ಇರಕೂಡದು ಎಂಬ 1948ರ ನಿಷೇಧ ಹೋಗಬೇಕಿತ್ತು, ಹೋಯಿತು, ಒಳ್ಳೆಯದಾಯಿತು. ಆದರೆ ಏರೋಸ್ಪೇಸ್‌ನಲ್ಲಿ ಒಬ್ಬ ಹೆಣ್ಣುಮಗಳು ಇಪ್ಪತ್ತೈದು ವರ್ಷ ಉಳಿಯುತ್ತಾಳೋ ಐದೇ ವರ್ಷಕ್ಕೆ ಬಿಟ್ಟುಹೋಗುತ್ತಾಳೋ ಎಂಬುದನ್ನು ತೀರ್ಮಾನಿಸುವ ಸಂಖ್ಯೆ ಅದೇ ಸಂಹಿತೆಗಳಲ್ಲಿ ಬೇರೊಂದು ಕಡೆ ಕೂತಿದೆ. ಆ ಸಂಖ್ಯೆ 50.

ಐವತ್ತು ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಯಾವ ಹೊಣೆಯೂ ಇಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂದ ಈ ಗೆರೆಯನ್ನು ಹೊಸ ಸಂಹಿತೆಗಳೂ ಹಾಗೆಯೇ ಉಳಿಸಿಕೊಂಡಿವೆ. ಆ ವರ್ಷ 26 ವಾರಗಳ ರಜೆಯ ಬಗ್ಗೆ ಪುಟಗಟ್ಟಲೆ ಬರೆದೆವು. ರಜೆ ಮುಗಿದ 27ನೇ ವಾರದ ಸೋಮವಾರ ಬೆಳಿಗ್ಗೆ ಮಗುವನ್ನು ಎಲ್ಲಿ ಬಿಡಬೇಕು ಎಂದು ಯಾರೂ ಕೇಳಲಿಲ್ಲ.

ಹಳೆಯ ಕಾರ್ಖಾನೆ ಕಾಯಿದೆ ಇದಕ್ಕಿಂತ ಕೆಟ್ಟದಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಅದರ 48ನೇ ಕಲಮಿನ ಪ್ರಕಾರ 30ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಮಾತ್ರ ತೊಟ್ಟಿಲ ಕೋಣೆ. ಹಾಗೆ ಬರೆದರೆ ಮಾಲೀಕ ಏನು ಮಾಡುತ್ತಾನೆ? ಮೂವತ್ತು ದಾಟದಂತೆ ಲೆಕ್ಕ ಇಟ್ಟುಕೊಳ್ಳುತ್ತಾನೆ. ಹೆಣ್ಣುಮಕ್ಕಳಿಗೆ ಅನುಕೂಲವಾಗಲಿ ಎಂದು ಬರೆದ ಕಲಮು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಿರಲು ಕಾರಣವಾಯಿತು. ಗಂಡಸರನ್ನೂ ಸೇರಿಸಿ ಎಣಿಸುವ 2017ರ ತಿದ್ದುಪಡಿ ಆ ತಪ್ಪನ್ನು ಸರಿಪಡಿಸಿತು. ಆದರೆ ತಲೆ ಎಣಿಸುವ ಅಭ್ಯಾಸ ಹೋಗಲಿಲ್ಲ. ಏರೋಸ್ಪೇಸ್ ಕ್ಷೇತ್ರದ ನಿಜವಾದ ಆಕಾರ ಗೊತ್ತಿದ್ದವರು ಯಾರೂ ಇಲ್ಲಿ 50 ಎಂಬ ಗೆರೆ ಎಳೆಯುತ್ತಿರಲಿಲ್ಲ.

ಏರೋಸ್ಪೇಸ್ ಅಂದೊಡನೆ ನಮ್ಮ ಕಣ್ಣಿಗೆ ಕಾಣುವುದು ಎಚ್‌ಎಎಲ್‌ನ ಹ್ಯಾಂಗರ್, ಇಸ್ರೊದ ನಿಯಂತ್ರಣ ಕೊಠಡಿ, ದೇವನಹಳ್ಳಿಯ ಗಾಜಿನ ಕಟ್ಟಡಗಳು. ಆದರೆ ರಾಕೆಟ್ಟಿನ ಕವಾಟ, ಉಪಗ್ರಹದ ಬ್ರ್ಯಾಕೆಟ್, ವಿಮಾನದ ಬಾಗಿಲಿನ ಕೀಲು ತಯಾರಾಗುವುದು ಪೀಣ್ಯದ, ಬೊಮ್ಮಸಂದ್ರದ, ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳಲ್ಲಿ. ನಾಲ್ಕು ಸಿಎನ್‌ಸಿ ಯಂತ್ರ, ಒಂದು ತಪಾಸಣೆಯ ಕೋಣೆ, ಇಪ್ಪತ್ತೋ ಮೂವತ್ತೋ ಜನ. ಈಚೆಗೆ ಹುಟ್ಟುತ್ತಿರುವ ಬಾಹ್ಯಾಕಾಶ ಸ್ಟಾರ್ಟಪ್‌ಗಳೂ ಮೊದಲ ಕೆಲವು ವರ್ಷ ಇದೇ ಅಳತೆಯವು. ಕಾನೂನಿನ ಪ್ರಕಾರ ಇಲ್ಲೆಲ್ಲ ಮಕ್ಕಳೇ ಇಲ್ಲ.

ಕಳೆದ ಮಳೆಗಾಲದಲ್ಲಿ ಪೀಣ್ಯ ಎರಡನೇ ಹಂತದ ಅಂಥದೊಂದು ಘಟಕದಲ್ಲಿ ಅರ್ಧ ದಿನ ಕಳೆದೆ. 28 ಜನರ ಘಟಕ. ತಪಾಸಣೆಯ ಕೋಣೆಯಲ್ಲಿ ಉಷ್ಣತೆ 20 ಡಿಗ್ರಿಯಿಂದ ಆಚೀಚೆ ಆಗುವಂತಿಲ್ಲ. ಅಲ್ಲೊಬ್ಬ ಮೆಕ್ಯಾನಿಕಲ್ ಎಂಜಿನಿಯರ್, ಮೂವತ್ತೊಂದು ವರ್ಷದ ಹೆಣ್ಣುಮಗಳು, ಅಂಗೈ ಅಗಲದ ಟೈಟಾನಿಯಂ ಬ್ರ್ಯಾಕೆಟ್ಟನ್ನು ಗ್ರಾನೈಟ್ ಮೇಜಿನ ಮೇಲೆ ಕೂರಿಸಿ ಅಳೆಯುತ್ತಿದ್ದಳು. ಯಂತ್ರದ ತೋಳಿನ ತುದಿಯಲ್ಲಿ ಕೆಂಪು ಮಾಣಿಕ್ಯದ ಗೋಲಿ, ಸಾಸಿವೆಕಾಳಿನಷ್ಟು. ಅದು ಲೋಹವನ್ನು ಮುಟ್ಟಿ ಹಿಂದೆ ಸರಿದಾಗಲೆಲ್ಲ ಪರದೆಯ ಮೇಲೆ ಮೈಕ್ರಾನ್‌ಗಳ ಒಂದು ಸಾಲು. ಹೊಸ ಭಾಗದ ಮೊದಲ ತುಣುಕಿನ ತಪಾಸಣಾ ವರದಿಗೆ ಅವಳ ಸಹಿ ಬಿದ್ದಮೇಲೆಯೇ ಉಳಿದ ಇನ್ನೂರು ತುಣುಕುಗಳ ಕೆಲಸ ಶುರು. ಆ ಸಹಿಯೇ ಅವಳ ವೃತ್ತಿ. ಯಾವ ಭಾಗಕ್ಕೆ ಸಹಿ ಹಾಕಿದೆ, ಎಷ್ಟು ಕಷ್ಟದ ಭಾಗಕ್ಕೆ ಹಾಕಿದೆ ಎಂಬುದರ ಮೇಲೆ ಮುಂದಿನ ಹುದ್ದೆ.

ಐದೂ ಮುಕ್ಕಾಲಿಗೆ ಅವಳ ಮೊಬೈಲು ಮೇಜಿನ ಮೇಲೆ ಗುರ್ ಎಂದಿತು. ದಾಸರಹಳ್ಳಿಯ ಡೇ ಕೇರ್ ಆರೂವರೆಗೆ ಮುಚ್ಚುತ್ತದೆ. ಇನ್ನೂ ಹನ್ನೊಂದು ಅಳತೆಗಳು ಬಾಕಿ ಇದ್ದವು. ಪಕ್ಕದಲ್ಲಿದ್ದ ಹುಡುಗ, ಅವಳಿಗಿಂತ ನಾಲ್ಕು ವರ್ಷ ಕಿರಿಯ, ‘ನಾನು ಮುಗಿಸ್ತೀನಿ ಮೇಡಂ’ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆ ದಿನದ ಸಹಿ ಅವನದಾಯಿತು. ಇಂಥ ಸಂಜೆಗಳು ವರ್ಷಕ್ಕೆ ಎಷ್ಟು ಬರುತ್ತವೆ, ಅವುಗಳಲ್ಲಿ ಎಷ್ಟು ಸಹಿಗಳು ಕೈ ಬದಲಾಗುತ್ತವೆ ಎಂದು ಯಾವ ಇಲಾಖೆಯೂ ಲೆಕ್ಕ ಇಡುವುದಿಲ್ಲ. ಐದು ವರ್ಷಗಳ ನಂತರ ಆ ಹುಡುಗ ಗುಣಮಟ್ಟ ವಿಭಾಗದ ಮುಖ್ಯಸ್ಥನಾದಾಗ ನಾವು ಅದನ್ನು ಅರ್ಹತೆ ಎನ್ನುತ್ತೇವೆ.

ಮಾಲೀಕರನ್ನು ಕೇಳಿದೆ. ಕಾಳಜಿ ಇಲ್ಲದವರಲ್ಲ ಅವರು. ‘28 ಜನಕ್ಕೆ ನಾನೊಬ್ಬ ಆಯಾ ಇಟ್ಟು, ಕೋಣೆ ಕಟ್ಟಿ, ಹಾಲು ಬಿಸ್ಕತ್ತು ಕೊಟ್ಟು ಹೇಗೆ ತೂಗಿಸಲಿ?’ ಎಂದರು. ಸರಿಯಾದ ಪ್ರಶ್ನೆಯೇ. ಇದಕ್ಕೆ ಉತ್ತರವೂ ಕಾನೂನಿನಲ್ಲಿದೆ, ಆಮೇಲೆ ಬರುತ್ತೇನೆ.

ಈ ವೃತ್ತಿಯ ಸ್ವಭಾವವನ್ನು ಸ್ವಲ್ಪ ನೋಡಬೇಕು. ಉಪಗ್ರಹವನ್ನು ಉಷ್ಣ ನಿರ್ವಾತ ಕೊಠಡಿಗೆ ಸೇರಿಸಿ ಬಾಗಿಲು ಹಾಕಿದರೆ, ಸುಡುವ ಬಿಸಿ ಮತ್ತು ಕೊರೆಯುವ ಚಳಿಯ ಸುತ್ತುಗಳು ದಿನಗಟ್ಟಲೆ ಹಗಲು ರಾತ್ರಿ ನಡೆಯುತ್ತವೆ. ನಡುವೆ ನಿಲ್ಲಿಸಿ ನಾಳೆ ನೋಡೋಣ ಎನ್ನುವಂತಿಲ್ಲ. ಪಾಳಿಯ ಮೇಲೆ ಪಾಳಿ ಕೂತು ಪ್ರತಿಯೊಂದು ಉಷ್ಣತೆಯನ್ನೂ ನೋಡುತ್ತಿರಬೇಕು. ಉಡಾವಣೆಗೆ ಮುಂಚೆ ಶ್ರೀಹರಿಕೋಟಕ್ಕೆ ಹೋದ ತಂಡ ವಾರಗಟ್ಟಲೆ ಅಲ್ಲೇ. ಮಾನವರಹಿತ ವಿಮಾನದ ಪರೀಕ್ಷೆಗೆ ಚಳ್ಳಕೆರೆಯ ಬಯಲಿಗೆ ಹೋದವರಿಗೆ ಗಾಳಿ ಹದಕ್ಕೆ ಬರುವವರೆಗೆ ಕಾಯುವುದೇ ಕೆಲಸ. ಎಂಜಿನಿಯರ್ ಬೆಳೆಯುವುದು ಇಂಥ ಕಡೆ. ಬೆಳಗಿನ ಜಾವ ಮೂರಕ್ಕೆ ಏನೋ ಕೆಟ್ಟು ಅದನ್ನು ಸರಿಪಡಿಸಿದವರ ಹೆಸರು ಹಿರಿಯರ ನೆನಪಿನಲ್ಲಿ ಉಳಿಯುತ್ತದೆ. ಹತ್ತರಿಂದ ಐದರ ಡೆಸ್ಕಿನಲ್ಲಿ ದಾಖಲೆ ತಿದ್ದಿದವರದು ಉಳಿಯುವುದಿಲ್ಲ. ಹೆರಿಗೆಯಿಂದ ಮರಳಿದವಳಿಗೆ ಮೊದಲು ಸಿಗುವುದು ಆ ಡೆಸ್ಕು, ‘ನಿಮಗೆ ಅನುಕೂಲ ಆಗಲಿ ಅಂತ’ ಎಂಬ ಮಾತಿನೊಂದಿಗೆ.

ಹಾಗಾಗಿ ರಾತ್ರಿ ಪಾಳಿಯ ಅನುಮತಿ ದೊಡ್ಡದೇ. ಅದಕ್ಕೆ ಒಪ್ಪಿಗೆ, ಸುರಕ್ಷತೆ ಎಂಬ ಷರತ್ತುಗಳಿವೆ, ಅವೂ ಬೇಕು. ಆದರೆ ತಾಯಿ ರಾತ್ರಿ ಎರಡಕ್ಕೆ ಪರದೆಯ ಮುಂದೆ ಕೂತಾಗ ಎರಡು ವರ್ಷದ ಮಗು ಎಲ್ಲಿ ಮಲಗಿರುತ್ತದೆ? ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗುವನ್ನು ನೋಡಿ ಬರಬಹುದು ಎಂದು ಕಾನೂನಿನಲ್ಲಿ ಬರೆದವರು ಮನಸ್ಸಿನಲ್ಲಿ ಹಗಲನ್ನೇ ಇಟ್ಟುಕೊಂಡಿದ್ದರು. ರಾತ್ರಿ ಪಾಳಿ ಇರುವ ಕಡೆ ಶಿಶುಪಾಲನಾ ಕೇಂದ್ರವೂ ರಾತ್ರಿ ತೆರೆದಿರಬೇಕು ಎಂಬ ಒಂದು ಸಾಲು ಆ ಕಲಮಿನಲ್ಲಿಲ್ಲ.

ಇಲ್ಲಿ ಯಾರಾದರೂ ಮಂಗಳಯಾನದ ಫೋಟೊ ತೋರಿಸುತ್ತಾರೆ. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ನಗುತ್ತ ಒಬ್ಬರನ್ನೊಬ್ಬರು ಅಭಿನಂದಿಸುತ್ತಿರುವ ಬೆಂಗಳೂರಿನ ಇಸ್ರೊ ಮಹಿಳೆಯರು. 2014ರ ಸೆಪ್ಟೆಂಬರ್‌ನಲ್ಲಿ ಜಗತ್ತೆಲ್ಲ ಸುತ್ತಿದ ಚಿತ್ರ. ಅದರಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೊ ಆಮೇಲೆ ಸ್ಪಷ್ಟಪಡಿಸಿತು. ವಿಜ್ಞಾನಿಗಳಾಗಿದ್ದ ಮಹಿಳೆಯರು ನಿಯಂತ್ರಣ ಕೊಠಡಿಯೊಳಗೆ ಇದ್ದರು ಎಂಬುದನ್ನೂ ಹೇಳಿತು. ಆ ಸಂಭ್ರಮದ ಬಗ್ಗೆ ನನಗೆ ತಕರಾರಿಲ್ಲ, ಆ ದಿನ ಸಂಭ್ರಮಿಸುವ ಹಕ್ಕು ಆಡಳಿತದವರಿಗೂ ಪೂರ್ತಿ ಇತ್ತು. ನನ್ನ ತಕರಾರು ನಮ್ಮ ಮೇಲೆ. ಹತ್ತು ವರ್ಷ ಆ ಒಂದು ಚಿತ್ರವನ್ನೇ ಪುರಾವೆಯಾಗಿ ಮುಂದಿಟ್ಟು, ಒಳಗಿದ್ದವರು ಹೇಗೆ ಅಲ್ಲಿ ಉಳಿದರು ಎಂದು ಕೇಳಲಿಲ್ಲ.

ರಿತು ಕರಿಧಾಲ್, ನಂದಿನಿ ಹರಿನಾಥ್ ಮಂಗಳಯಾನದಲ್ಲಿದ್ದರು. ಸುಮಾರು 15 ತಿಂಗಳಲ್ಲಿ ತಯಾರಾದ ಯೋಜನೆ ಅದು, ಕೊನೆಗೊನೆಗೆ ದಿನಕ್ಕೆ 12-14 ಗಂಟೆ ದುಡಿದವರು ಇವರು, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದವರು. 2011ರಲ್ಲಿ ಜಿಸ್ಯಾಟ್-12ಕ್ಕೆ ಟಿ.ಕೆ. ಅನುರಾಧಾ, 2012ರಲ್ಲಿ ರಿಸ್ಯಾಟ್-1ಕ್ಕೆ ಎನ್. ವಲರ್ಮತಿ, ಚಂದ್ರಯಾನ-2ಕ್ಕೆ ಎಂ. ವನಿತಾ, ಆದಿತ್ಯ ಎಲ್-1ಕ್ಕೆ ನಿಗರ್ ಶಾಜಿ ಯೋಜನಾ ನಿರ್ದೇಶಕರು. ಇವರ ಪ್ರತಿಭೆ ದೊಡ್ಡದು. ಆ ಪ್ರತಿಭೆ ಮೂವತ್ತು ದಾಟಿ ನಲವತ್ತಕ್ಕೆ ಬರುವವರೆಗೆ ಅದನ್ನು ಹಿಡಿದು ನಿಲ್ಲಿಸಿದ್ದೂ ಒಂದಿದೆ: ಕಾಯಂ ನೌಕರಿ, ಇಲಾಖೆಯ ಬಸ್ಸು, ಕ್ವಾರ್ಟರ್ಸು, ಕ್ಯಾಂಟೀನು. ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ 2008ರಿಂದ ಸಿಗುತ್ತಿರುವ 730 ದಿನಗಳ ಶಿಶುಪಾಲನಾ ರಜೆ. ಮಗುವಿಗೆ ಹುಷಾರಿಲ್ಲದ ವಾರ, ಹತ್ತನೇ ತರಗತಿಯ ಪರೀಕ್ಷೆಯ ತಿಂಗಳು ಎಂದು ತುಂಡುತುಂಡಾಗಿ ತೆಗೆದುಕೊಂಡು ಮತ್ತೆ ಅದೇ ಕುರ್ಚಿಗೆ ಬರಬಹುದಾದ ರಜೆ. ಇಷ್ಟೆಲ್ಲ ಇದ್ದೂ ಇಸ್ರೊದ ಅಧ್ಯಕ್ಷರ ಕುರ್ಚಿಯಲ್ಲಿ ಇಂದಿನವರೆಗೆ ಒಬ್ಬ ಮಹಿಳೆಯೂ ಕೂತಿಲ್ಲ.

ಈಗ ಕೆಲಸ ಆ ಆವರಣದಿಂದ ಹೊರಗೆ ಹರಿಯುತ್ತಿದೆ. ಬಾಹ್ಯಾಕಾಶ ಕ್ಷೇತ್ರದ 2020ರ ಸುಧಾರಣೆಯ ನಂತರ ಖಾಸಗಿಯವರು ರಾಕೆಟ್ ಕಟ್ಟುತ್ತಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ 62,370 ಕೋಟಿ ರೂಪಾಯಿಗೆ ಇನ್ನೂ 97 ತೇಜಸ್ ಯುದ್ಧವಿಮಾನಗಳಿಗೆ ಸಹಿ ಬಿತ್ತು. ತೇಜಸ್‌ನ ರೆಕ್ಕೆ, ನಡು ಒಡಲು, ಹಿಂದಿನ ಒಡಲು ಖಾಸಗಿ ಕಾರ್ಖಾನೆಗಳಿಂದ ಬರುತ್ತವೆ, ಅವುಗಳ ಬಿಡಿಭಾಗಗಳು ಇನ್ನೂ ಸಣ್ಣವರಿಂದ. ಮುಂದಿನ ಹತ್ತು ವರ್ಷ ನಮ್ಮ ಹೆಣ್ಣುಮಕ್ಕಳಿಗೆ ಸಿಗುವ ಏರೋಸ್ಪೇಸ್ ಉದ್ಯೋಗಗಳಲ್ಲಿ ಬಹುಪಾಲು ಇಲ್ಲಿಯವು. 730 ದಿನ ಇಲ್ಲಿ ಇಲ್ಲ. ಬಸ್ಸಿಲ್ಲ. 50ರ ಗೆರೆಯ ಕೆಳಗೆ ತೊಟ್ಟಿಲೂ ಇಲ್ಲ.

‘ಮೊದಲು ಹುಡುಗಿಯರು ಈ ಓದಿಗೆ ಬರಲಿ’ ಎಂಬ ವಾದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2018ರಲ್ಲಿ ಐಐಟಿಗಳು ಹುಡುಗಿಯರಿಗೆ ಹೆಚ್ಚುವರಿ ಸೀಟು ತೆರೆದವು. ಅದಕ್ಕೆ ಹಿಂದಿನ ವರ್ಷ ಶೇ 9ರ ಆಸುಪಾಸಿನಲ್ಲಿದ್ದ ಅವರ ಪಾಲು ಎರಡು ಮೂರು ವರ್ಷದಲ್ಲಿ ಶೇ 20 ಮುಟ್ಟಿತು. ಕರೆದರೆ ಬರುತ್ತಾರೆ. 2024ರ ಜನವರಿಯಲ್ಲಿ ದೇವನಹಳ್ಳಿಯ ಬಳಿ ಬೋಯಿಂಗ್‌ನ ಆವರಣ ಉದ್ಘಾಟನೆಯಾದ ದಿನವೇ ‘ಸುಕನ್ಯಾ’ ಕಾರ್ಯಕ್ರಮವೂ ಶುರುವಾಯಿತು. ಶಾಲಾ ಹುಡುಗಿಯರಿಗೆ 150 ಕಡೆ ಪ್ರಯೋಗಾಲಯ ಎಂದರು. ಬೇಡ ಎನ್ನುವವರು ಯಾರು? ಆದರೆ ಎಲ್ಲ ದುಡ್ಡೂ ಎಲ್ಲ ಭಾಷಣವೂ ಹದಿಮೂರರ ಹುಡುಗಿಯ ಸುತ್ತ ನಿಂತುಬಿಟ್ಟಿವೆ. ಮೂವತ್ತೊಂದರ ಎಂಜಿನಿಯರ್ ಡೇ ಕೇರ್ ಬಾಗಿಲು ಹಾಕುವ ಮುಂಚೆ ತಲುಪಲು ಆಟೊ ಹುಡುಕುತ್ತಿದ್ದಾಳೆ.

ಸಣ್ಣ ಉದ್ಯಮಿಯ ಮೇಲೆ ಇನ್ನೊಂದು ಹೊರೆ ಇದೆ. 26 ವಾರಗಳ ಸಂಬಳ ಅವನ ಜೇಬಿನಿಂದಲೇ ಹೋಗಬೇಕು. ಇಎಸ್‌ಐ ಕೊಡುತ್ತದಲ್ಲ ಎನ್ನಬಹುದು, ಆದರೆ ಅದರ ಮಿತಿ ತಿಂಗಳಿಗೆ 21,000 ರೂಪಾಯಿ ಸಂಬಳ. ಎಂಜಿನಿಯರ್ ಆ ಮಿತಿಯ ಆಚೆ ಇರುತ್ತಾಳೆ. 7 ವಾರಗಳ ಸಂಬಳವನ್ನು ಸರ್ಕಾರವೇ ಮರಳಿಸುವ ಪ್ರಸ್ತಾವವನ್ನು ಕೇಂದ್ರ ಕಾರ್ಮಿಕ ಸಚಿವಾಲಯ 2018ರಲ್ಲಿ ಮುಂದಿಟ್ಟಿತ್ತು, ಅದು ಪ್ರಸ್ತಾವವಾಗಿಯೇ ಉಳಿಯಿತು. ಹನ್ನೆರಡು ಜನರ ಕಂಪನಿ ಇಪ್ಪತ್ತೇಳರ ಹುಡುಗಿಯ ಅರ್ಜಿಯನ್ನು ಬದಿಗಿಟ್ಟರೆ ಅದು ಬರೀ ಪೂರ್ವಗ್ರಹ ಅನ್ನಲು ನಾನು ತಯಾರಿಲ್ಲ. ಆ ಪೂರ್ವಗ್ರಹಕ್ಕೆ ಲೆಕ್ಕದ ಆಧಾರ ಒದಗಿಸಿಕೊಟ್ಟಿರುವುದು ಸರ್ಕಾರ.

ಪೀಣ್ಯದ ಮಾಲೀಕರಿಗೆ ಉತ್ತರ ಹೇಳುತ್ತೇನೆ ಎಂದಿದ್ದೆ. ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಮು, 50ರ ಗೆರೆ ಇರುವುದು ಅಲ್ಲೇ, ಅದರ ಕೆಳಗೆ ಒಂದು ಅವಕಾಶ ಕೊಟ್ಟಿದೆ. ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಶಿಶುಪಾಲನಾ ಕೇಂದ್ರ ನಡೆಸಬಹುದು. ರಾಜ್ಯ ಸರ್ಕಾರದ್ದೋ ನಗರಸಭೆಯದ್ದೋ ಸಾಮಾನ್ಯ ಕೇಂದ್ರವನ್ನು ಬಳಸಿಕೊಳ್ಳಲೂಬಹುದು. 28 ಜನರ ಘಟಕಕ್ಕೆ ಆಗದ್ದು ಒಂದೇ ಅಡ್ಡರಸ್ತೆಯ ಹತ್ತು ಘಟಕಗಳಿಗೆ ಸಲೀಸು. ಬಾಗಿಲು ಅಲ್ಲಿದೆ, ತಳ್ಳುವವರಿಲ್ಲ. ಕಡ್ಡಾಯವಿಲ್ಲದ ಖರ್ಚಿಗೆ ಹತ್ತು ಮಾಲೀಕರನ್ನು ಒಂದು ಮೇಜಿಗೆ ಕರೆಯುವ ಕೆಲಸ ಯಾರದು? ಕೈಗಾರಿಕಾ ಪ್ರದೇಶವನ್ನು ಕಟ್ಟಿದವರದು.

ಎಣಿಸುವ ಸರಿಯಾದ ಕ್ರಮವೂ ನಮ್ಮದೇ ಕಾನೂನಿನಲ್ಲಿತ್ತು. ಉದ್ಯೋಗ ಖಾತರಿ ಕಾಯಿದೆಯ ಅನುಸೂಚಿ ಕೆಲಸಗಾರರ ತಲೆ ಎಣಿಸಲಿಲ್ಲ, ಮಕ್ಕಳನ್ನು ಎಣಿಸಿತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ನೋಡಿಕೊಳ್ಳಲು ಅಲ್ಲಿನ ಒಬ್ಬ ಹೆಂಗಸನ್ನೇ ನೇಮಿಸಿ ಕೂಲಿ ಕೊಡಬೇಕು. ಮಣ್ಣು ಹೊರುವ ತಾಯಿಯ ವಿಷಯದಲ್ಲಿ ಕಾನೂನಿಗೆ ಆ ನ್ಯಾಯ ಅರ್ಥವಾಗಿತ್ತು. ನಮ್ಮ ರಾಜ್ಯ ಇನ್ನೂ ಮುಂದೆ ಹೋಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ಹೊಲದ ಬದುವಿನಲ್ಲಿ ಮಗುವನ್ನು ಮಲಗಿಸಿ ದುಡಿಯುವವರ ಕಷ್ಟ ಕಂಡು ಮಾಡಿದ ಕೆಲಸ. ಅದೇ ಸರ್ಕಾರಕ್ಕೆ ಪೀಣ್ಯದಲ್ಲಿ, ದೇವನಹಳ್ಳಿಯಲ್ಲಿ, ಉದ್ಯಮಬಾಗದಲ್ಲಿ ಒಂದೊಂದು ಕೂಸಿನ ಮನೆ ತೆರೆಯುವುದು ಕಷ್ಟವೇನಲ್ಲ. ರಾತ್ರಿ ಪಾಳಿ ಎಲ್ಲಿದೆಯೋ ಅಲ್ಲಿ ರಾತ್ರಿಯೂ ತೆರೆದಿರಲಿ.

ಅಜ್ಜಿಯರಿದ್ದಾರಲ್ಲ ಎಂದು ಕೇಳುವವರಿಗೆ: ಇದ್ದಾರೆ, ಹಾಸನದಿಂದ, ಶಿವಮೊಗ್ಗದಿಂದ, ಧಾರವಾಡದಿಂದ ಮೊಣಕಾಲು ನೋವು ಹೊತ್ತುಕೊಂಡು ಆರಾರು ತಿಂಗಳು ಬಂದು ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂರುತ್ತಾರೆ. ಊರಲ್ಲಿ ಅಜ್ಜ ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಾರೆ. ಒಂದು ದೇಶದ ಬಾಹ್ಯಾಕಾಶ ಉದ್ಯಮ ಅರವತ್ತೈದು ವರ್ಷದ ಹೆಂಗಸೊಬ್ಬರ ಆರೋಗ್ಯದ ಮೇಲೆ ನಿಂತಿರಬಾರದು.

ಸಂಹಿತೆಗಳ ವಿವರ ತುಂಬುವುದು ನಿಯಮಾವಳಿ, ಅದರಲ್ಲಿ ರಾಜ್ಯದ ಕೈಗೂ ಪಾಲಿದೆ. ಕೈಗಾರಿಕಾ ಪ್ರದೇಶಗಳನ್ನು ಕಟ್ಟುವ ಸರ್ಕಾರಿ ಮಂಡಳಿ ಕೆಐಎಡಿಬಿ ಪ್ರತಿ ಬಡಾವಣೆಯ ನಕ್ಷೆಯಲ್ಲಿ ಬ್ಯಾಂಕಿಗೆ, ಪೆಟ್ರೋಲ್ ಬಂಕಿಗೆ, ಅಗ್ನಿಶಾಮಕ ಠಾಣೆಗೆ ಜಾಗ ಗುರುತಿಸುತ್ತದೆ. ಆ ನಕ್ಷೆಯಲ್ಲಿ ಇನ್ನೊಂದು ಚೌಕ ಬರೆಯಲಿ, ಸುತ್ತಲಿನ ಘಟಕಗಳಿಂದ ನೌಕರರ ಲೆಕ್ಕದಲ್ಲಿ ವಂತಿಗೆ ಎತ್ತಲಿ, 50 ಎಂಬ ಗೆರೆಯನ್ನು ಆ ಬಡಾವಣೆಯ ಮಟ್ಟಿಗೆ ಅಳಿಸಲಿ. ಆ ಸಂಜೆ ಆರಕ್ಕೆ ಐದು ನಿಮಿಷ ಇರುವಾಗ ಪೀಣ್ಯದ ಗೇಟಿನಾಚೆ ಓಡಿದ ಎಂಜಿನಿಯರ್‌ಗೆ ಬೇಕಾಗಿದ್ದದ್ದು ಮುನ್ನೂರು ಮೀಟರ್ ದೂರದಲ್ಲಿ ರಾತ್ರಿ ಹತ್ತರವರೆಗೆ ದೀಪ ಉರಿಯುವ ಒಂದು ಕೋಣೆ, ಮತ್ತು ಇನ್ನು ಹನ್ನೊಂದು ಅಳತೆ ತೆಗೆಯುವಷ್ಟು ಹೊತ್ತು.