ಸಂದೇಹದ ವಿಮೆಗೆ ಅಂಜಿ ನಿಸ್ಸಂದೇಹದ ಬಡ್ಡಿಗೆ ಶರಣಾಗುವವರು

ಜುಮಾ ನಮಾಝಿನ ಸಲಾಮ್ ಆದೊಡನೆ ಇಬ್ಬರು ಯುವಕರು ಶಾಲೊಂದನ್ನು ಬಿಡಿಸಿ ಹಿಡಿದು ಮಸೀದಿಯ ಬಾಗಿಲಲ್ಲಿ ನಿಲ್ಲುತ್ತಾರೆ. ನಮ್ಮ ಮೊಹಲ್ಲಾದ ಸಹೋದರರೊಬ್ಬರು ಕರುಳಿನ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾರೆ, ಶಸ್ತ್ರಚಿಕಿತ್ಸೆಗೆ ನಾಲ್ಕು ಲಕ್ಷ ರೂಪಾಯಿ ಬೇಕಾಗಿದೆ, ಕೈಲಾದಷ್ಟು ನೆರವಾಗಿ ಎಂದು ಖತೀಬರು ಧ್ವನಿವರ್ಧಕದಲ್ಲಿ ವಿನಂತಿಸುತ್ತಾರೆ. ಹತ್ತು, ಇಪ್ಪತ್ತು, ಅಪರೂಪಕ್ಕೊಂದು ಐನೂರರ ನೋಟು ಶಾಲಿಗೆ ಬೀಳುತ್ತದೆ. ಎಣಿಸಿದಾಗ ಹದಿನೆಂಟು ಸಾವಿರ ಚಿಲ್ಲರೆ. ಮುಂದಿನ ಶುಕ್ರವಾರ ಅದೇ ಶಾಲು, ಬೇರೆ ರೋಗಿ. ಇದು ಸಮುದಾಯದ ಸಹೃದಯತೆಗೆ ಸಾಕ್ಷಿ ಎಂದು ನಾವು ಹೆಮ್ಮೆಪಡುತ್ತೇವೆ. ನನಗಾದರೋ ಇದು ಸಮುದಾಯದ ಹೊಣೆಗೇಡಿತನಕ್ಕೆ ಸಾಕ್ಷಿಯಾಗಿ ಕಾಣುತ್ತದೆ.

ಆ ಸಹೋದರರ ಕತೆಯನ್ನು ಸ್ವಲ್ಪ ಹಿಂದಕ್ಕೆ ಸರಿದು ನೋಡೋಣ. ಹೆಸರು, ಊರು ಬೇಡ. ಸ್ವಂತದ ಸಣ್ಣ ಹಾರ್ಡ್‌ವೇರ್ ಅಂಗಡಿ, ಮೂವರು ಮಕ್ಕಳು. ಮೂರು ವರ್ಷಗಳಿಂದ ಹೊಟ್ಟೆನೋವು, ಬಿಟ್ಟು ಬಿಟ್ಟು ಭೇದಿ, ಇಳಿಯುತ್ತಿದ್ದ ತೂಕ. ಅವರು ಅದಕ್ಕಿಟ್ಟ ಹೆಸರು ‘ಗ್ಯಾಸ್ಟ್ರಿಕ್’. ಪಕ್ಕದ ಮೆಡಿಕಲ್ ಶಾಪಿನಿಂದ ಆಮ್ಲ ತಗ್ಗಿಸುವ ಮಾತ್ರೆಗಳ ಪಟ್ಟಿ ತರಿಸಿ ನುಂಗುತ್ತಿದ್ದರು. ರಕ್ತ ಕಂಡಾಗ ಮೂಲವ್ಯಾಧಿಯೆಂದು ನಾಟಿ ಔಷಧಿ ಮಾಡಿದರು. ಒಂದು ರಾತ್ರಿ ಕರುಳು ಕಟ್ಟಿಕೊಂಡು ಆಂಬುಲೆನ್ಸ್‌ನಲ್ಲಿ ಹೋದಾಗಲೇ ಅದು ಕ್ರೋನ್ಸ್ ಎಂಬ ದೀರ್ಘಕಾಲೀನ ಕರುಳುರೋಗವೆಂದು ತಿಳಿದದ್ದು. ಕೆಲವು ವರ್ಷಗಳ ಹಿಂದೆ ಆರೋಗ್ಯ ವಿಮೆಯ ಏಜೆಂಟರೊಬ್ಬರು ಅಂಗಡಿಗೆ ಬಂದಿದ್ದಾಗ, ಅದರಲ್ಲಿ ಬಡ್ಡಿಯಿದೆ, ನಮಗೆ ಹರಾಮ್ ಎಂದು ಅವರನ್ನು ಮರಳಿ ಕಳುಹಿಸಿದ್ದರಂತೆ. ಆಸ್ಪತ್ರೆಯ ಮುಂಗಡ ಕಟ್ಟಲು ಪತ್ನಿಯ ಬಳೆಗಳು ಅಡವು ಅಂಗಡಿಗೆ ಹೋದವು. ಅದು ಬಡ್ಡಿಗೆ. ಎರಡನೆಯ ಬಿಲ್ಲಿಗೆ ಕೈಸಾಲ ಕೊಟ್ಟವನು ಮೀಟರ್ ಬಡ್ಡಿಯವನು. ಅದೂ ಬಡ್ಡಿಯೇ. ಬಡ್ಡಿಯ ಸಂದೇಹವಿದ್ದ ಬಾಗಿಲನ್ನು ಮುಚ್ಚಿದ ಮನುಷ್ಯ, ಬಡ್ಡಿಯೆಂದು ಬೋರ್ಡು ಹಾಕಿಕೊಂಡ ಬಾಗಿಲನ್ನು ತಾನಾಗಿಯೇ ತಟ್ಟಬೇಕಾಯಿತು. ಇದರಲ್ಲಿ ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಅವರಿಗೆ ಹರಾಮ್ ಎಂಬ ಅರ್ಧ ಉತ್ತರವನ್ನು ಕೊಟ್ಟು, ಉಳಿದರ್ಧವನ್ನು ಹೇಳದೆ ಬಿಟ್ಟವರು ನಾವು, ಅಂದರೆ ಮದ್ರಸದ ಚಾಪೆಯ ಮೇಲೆ ಕುಳಿತು ಕಿತಾಬು ಓದಿದವರು.

ಮೊದಲು ಹೊಟ್ಟೆಯ ವಿಷಯ. ಗ್ಯಾಸ್ಟ್ರಿಕ್ ಎಂಬುದು ಯಾವುದೇ ರೋಗದ ಹೆಸರಲ್ಲ. ಜಠರಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ಒಂದು ವಿಶೇಷಣ, ಅಷ್ಟೇ. ಎದೆಯುರಿ, ಹುಣ್ಣು, ಪಿತ್ತಕೋಶದ ಕಲ್ಲು, ಕರುಳಿನ ಉರಿಯೂತ, ಕೆಲವೊಮ್ಮೆ ಹೃದಯಾಘಾತ, ಇವೆಲ್ಲವೂ ನಮ್ಮ ಮನೆಗಳಲ್ಲಿ ಇದೇ ಒಂದು ಪದದ ಹೊದಿಕೆಯೊಳಗೆ ಮಲಗಿರುತ್ತವೆ. ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ವೈದ್ಯಲೋಕವೂ ದಶಕಗಳ ಕಾಲ ನಂಬಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎರಡು ವಾರಗಳ ಸರಿಯಾದ ಔಷಧಿಯಿಂದ ಆ ಬ್ಯಾಕ್ಟೀರಿಯಾವನ್ನು ಸಾಮಾನ್ಯವಾಗಿ ತೊಡೆದುಹಾಕಬಹುದು. ಹೀಗಿರುತ್ತಾ ಪರೀಕ್ಷೆಯನ್ನೇ ಮಾಡಿಸದೆ ಹತ್ತು ವರ್ಷ ಮಾತ್ರೆ ನುಂಗುವವರು ಎಷ್ಟು ಮಂದಿ! ಮೊಣಕಾಲು ನೋವಿಗೆಂದು ವೈದ್ಯರ ಚೀಟಿಯಿಲ್ಲದೆ ಕೊಂಡ ನೋವು ನಿವಾರಕಗಳೇ ಅದೇ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆಂಬುದನ್ನು ನಮ್ಮ ತಾಯಂದಿರಿಗೆ ಹೇಳಿದವರು ಯಾರು?

ಕ್ರೋನ್ಸ್ ವಿಷಯ ಇನ್ನೂ ಜಟಿಲ. ನಮ್ಮ ದೇಶದಲ್ಲಿ ಕ್ಷಯರೋಗ ವ್ಯಾಪಕವಾಗಿರುವುದರಿಂದ ಅದು ಶ್ವಾಸಕೋಶವನ್ನು ಮಾತ್ರವಲ್ಲ, ಕರುಳನ್ನೂ ಹಿಡಿಯುತ್ತದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಅವಳಿಗಳಂತೆ. ಕೊಲೊನೋಸ್ಕೋಪಿ ಮಾಡಿ, ತುಣುಕು ತೆಗೆದು ಪರೀಕ್ಷಿಸಿದರೂ ತಜ್ಞರಿಗೆ ಕೆಲವೊಮ್ಮೆ ಸಂಶಯ ಉಳಿಯುತ್ತದೆ. ಕ್ಷಯದ ಔಷಧಿ ಕೊಟ್ಟು ಗುಣ ಕಾಣುವುದೋ ಎಂದು ಕಾಯಬೇಕಾಗುತ್ತದೆ. ಒಂದಕ್ಕೆ ಕೊಡುವ ಸ್ಟೀರಾಯ್ಡ್ ಇನ್ನೊಂದನ್ನು ಉಲ್ಬಣಗೊಳಿಸಬಲ್ಲುದು. ತಜ್ಞರೇ ತಡವರಿಸುವ ಈ ಸ್ಥಳದಲ್ಲಿ ಔಷಧಿ ಅಂಗಡಿಯ ಹುಡುಗ ತೀರ್ಪು ಕೊಡುತ್ತಿದ್ದಾನೆ, ನಾವು ಕೇಳುತ್ತಿದ್ದೇವೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ನಿದ್ದೆಯಿಂದೆಬ್ಬಿಸುವ ಭೇದಿ, ವಾರಗಟ್ಟಲೆ ಬಿಡದ ನೋವು, ರಕ್ತಹೀನತೆ, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ಬದಲಿಸುವುದಲ್ಲ, ವೈದ್ಯರನ್ನು ಕಾಣಬೇಕು.

ಕಾಣದಿರುವುದಕ್ಕೆ ಹಣವೊಂದೇ ಕಾರಣವಲ್ಲ, ನಾಚಿಕೆಯೂ ಹೌದು. ಮಲದ ಬಗ್ಗೆ ಮಾತನಾಡುವುದೇ ಅಸಭ್ಯವೆಂದು ಬೆಳೆದ ಹೆಣ್ಣುಮಗಳು ಐದು ವರ್ಷ ನೋವನ್ನು ನುಂಗಿಕೊಂಡಿರುತ್ತಾಳೆ, ಗಂಡನಿಗೂ ಹೇಳುವುದಿಲ್ಲ. ಮದುವೆಯಾಗಬೇಕಾದ ಹುಡುಗಿಯಾದರಂತೂ ತಾಯಿಯೇ ಬಾಯಿ ಮುಚ್ಚಿಸುತ್ತಾಳೆ. ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದು, ತಿಳಿಯಬೇಕಾದುದನ್ನು ಕೇಳಲು ನಾಚಿಕೆ ಅವರಿಗೆ ಅಡ್ಡಿಯಾಗಲಿಲ್ಲವೆಂಬ ಕಾರಣಕ್ಕಾಗಿ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಶರೀರದ ಅತ್ಯಂತ ಖಾಸಗಿ ವಿಷಯಗಳನ್ನು ನೇರವಾಗಿ ಕೇಳಿದ ಆ ಮಹಿಳೆಯರ ವಾರಸುದಾರರು ಇಂದು ವೈದ್ಯರ ಮುಂದೆ ಗ್ಯಾಸ್ಟ್ರಿಕ್ ಎಂಬ ಒಂದೇ ಪದ ಹೇಳಿ ಎದ್ದು ಬರುತ್ತಾರೆ. ಇನ್ನೊಂದು ಕ್ರೌರ್ಯವೂ ಇದೆ. ರೋಗಿ ತಿಂದದ್ದರಿಂದಲೇ ರೋಗ ಬಂತೆಂದು ಬಂಧುಗಳು ನೀಡುವ ತೀರ್ಪು. ಹೊಟ್ಟೆಯ ಮೂರನೆಯ ಒಂದು ಭಾಗವನ್ನು ಮಾತ್ರ ಆಹಾರಕ್ಕೆ ಮೀಸಲಿಡಬೇಕೆಂಬ ಹದೀಸನ್ನು ರೋಗಿಯ ಮಂಚದ ಬಳಿ ನೆನಪಿಸುವವರು ಇಫ್ತಾರ್ ಕೂಟದ ಸಮೋಸದ ತಟ್ಟೆಯ ಮುಂದೆ ಅದನ್ನು ಮರೆತಿರುತ್ತಾರೆ. ಮಿತಾಹಾರ ಎಲ್ಲರಿಗೂ ಹಿತ, ನಿಜ. ಆದರೆ ಕ್ರೋನ್ಸ್, ಕೊಲೈಟಿಸ್‌ಗಳು ಬಿರಿಯಾನಿಯ ಶಿಕ್ಷೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳವು. ಮಿತವಾಗಿ ತಿನ್ನುವವರಿಗೂ ಬರುತ್ತವೆ, ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಜೊತೆಗಿರುತ್ತವೆ.

ಜೀವನಪರ್ಯಂತ ಎಂಬ ಪದದಿಂದಲೇ ವಿಮೆಯ ಪ್ರಶ್ನೆ ಹುಟ್ಟುತ್ತದೆ. ಕಾಲು ಮುರಿದರೆ ಒಮ್ಮೆ ಚಂದಾ ಎತ್ತಬಹುದು. ಮಧುಮೇಹ, ಮೂತ್ರಪಿಂಡ, ಕರುಳಿನ ರೋಗಗಳಿಗೆ ಎಷ್ಟು ಶುಕ್ರವಾರ ಶಾಲು ಹಿಡಿಯುತ್ತೀರಿ? ಐಸಿಎಂಆರ್ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳೇ ಸುಮಾರು 10 ಕೋಟಿ.

ವಿಮೆಯ ಕುರಿತು ವಿದ್ವಾಂಸರಿಗಿರುವ ಆಕ್ಷೇಪ ಪೊಳ್ಳೆಂದು ನಾನು ಹೇಳುವುದಿಲ್ಲ. ಕೊಟ್ಟ ಹಣಕ್ಕೆ ಏನು ಸಿಗುವುದೆಂಬ ಅನಿಶ್ಚಿತತೆ, ಅಂದರೆ ಗರರ್, ಕಂಪೆನಿ ತನ್ನ ನಿಧಿಯನ್ನು ಬಡ್ಡಿಯಲ್ಲಿ ಹೂಡುವುದು, ಜೂಜಿನ ಛಾಯೆ. ಈ ಕಾರಣಗಳಿಗಾಗಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 1985ರಲ್ಲಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದಿತು. ನಮ್ಮ ಮಿಂಬರ್‌ಗಳಿಂದ ಕೇಳಿಬರುವುದು ಇಷ್ಟೇ. ಅದೇ ನಿರ್ಣಯದ ಮುಂದಿನ ಭಾಗ, ಪರಸ್ಪರ ದಾನದ ತಳಹದಿಯ ಸಹಕಾರಿ ವಿಮೆ ಸಮ್ಮತವೆಂದೂ ಅದಕ್ಕಾಗಿ ಮುಸ್ಲಿಮರು ದುಡಿಯಬೇಕೆಂದೂ ಹೇಳುತ್ತದೆ. ಅದು ಯಾವ ಖುತ್‌ಬಾದಲ್ಲಿ ಬಂದಿದೆ? ಸುಡಾನ್ 1979ರಲ್ಲೇ ಇಂತಹ ಸಂಸ್ಥೆ ಕಟ್ಟಿತು, ಮಲೇಷ್ಯಾ 1984ರಲ್ಲಿ ತಕಾಫುಲ್ ಕಾನೂನು ಮಾಡಿತು. ಶೈಖ್ ಮುಸ್ತಫಾ ಝರ್ಕಾರಂತಹ ಹನಫಿ ವಿದ್ವಾಂಸರು ವಿಮೆಯ ಒಪ್ಪಂದ ಮೂಲತಃ ಸಮ್ಮತವೆಂದೇ ವಾದಿಸಿದರು. ಅಲಿಘಡದಲ್ಲಿ ಬೋಧಿಸಿದ, 2022ರಲ್ಲಿ ನಿಧನರಾದ ಡಾ. ನಜಾತುಲ್ಲಾ ಸಿದ್ದೀಕಿಯವರು ವಿಮೆಗೂ ಜೂಜಿಗೂ ಇರುವ ವ್ಯತ್ಯಾಸವನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಬಿಡಿಸಿಟ್ಟರು. ಜೂಜುಗಾರ ಇಲ್ಲದ ಅಪಾಯವನ್ನು ಸೃಷ್ಟಿಸಿಕೊಳ್ಳುತ್ತಾನೆ. ಕರುಳು ಯಾವಾಗ ಕೆಡುವುದೆಂಬ ಅಪಾಯವನ್ನು ಯಾರೂ ಹಣ ಕೊಟ್ಟು ಕೊಂಡಿಲ್ಲ.

ಜೊತೆಗೆ, ಎಲ್ಲ ವಿಮೆಗಳನ್ನೂ ಒಂದೇ ಗೋಣಿಗೆ ತುಂಬುವುದು ಅನ್ಯಾಯ. ಇಪ್ಪತ್ತು ವರ್ಷ ಕಂತು ಕಟ್ಟಿ ಬೋನಸ್ ಸಹಿತ ಹಣ ಮರಳಿ ಪಡೆಯುವ ಜೀವವಿಮೆಯ ಯೋಜನೆ ಬೇರೆ. ಆರೋಗ್ಯ ವಿಮೆಯಲ್ಲಿ ಮರಳಿ ಬರುವ ಮೊತ್ತವೇ ಇಲ್ಲ. ರೋಗ ಬಂದರೆ ಆಸ್ಪತ್ರೆಯ ಬಿಲ್ ಪಾವತಿಯಾಗುತ್ತದೆ, ಬರದಿದ್ದರೆ ಕಂತು ಹೋಯಿತು. ಗರರ್‌ನ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಸಾಮೂಹಿಕ ಅಗತ್ಯವು ಅನಿವಾರ್ಯತೆಯ ಸ್ಥಾನ ಪಡೆಯಬಲ್ಲುದೆಂಬ ಫಿಕ್‌ಹ್ ನಿಯಮವನ್ನು ನಾವು ಬಾಯಿಪಾಠ ಮಾಡಿದ್ದು ಪರೀಕ್ಷೆಯಲ್ಲಿ ಬರೆಯಲಿಕ್ಕೆ ಮಾತ್ರವೇ? ಸಹಕಾರಿ ವ್ಯವಸ್ಥೆ ಕೈಗೆಟುಕದ ಊರಿನಲ್ಲಿ, ಚಿಕಿತ್ಸೆಯ ವೆಚ್ಚ ಕುಟುಂಬವನ್ನು ಬಡ್ಡಿಸಾಲಕ್ಕೆ ತಳ್ಳುವುದು ಖಚಿತವಿರುವಾಗ, ಆರೋಗ್ಯ ವಿಮೆ ಪಡೆಯುವುದನ್ನು ತಡೆಯಬಾರದೆಂಬುದು ನನ್ನ ನಿಲುವು. ಭಿನ್ನಾಭಿಪ್ರಾಯವುಳ್ಳ ಹಿರಿಯರು ಬರೆಯಲಿ. ಆದರೆ ಬದಲಿ ಏನೆಂಬುದನ್ನೂ ಅದೇ ಬರಹದಲ್ಲಿ ಹೇಳಲಿ.

ತವಕ್ಕುಲ್‌ನ ಮಾತೆತ್ತುವವರಿಗೆ ಒಂದು ಘಟನೆ ನೆನಪಿಸಬೇಕು. ಸಿರಿಯಾಕ್ಕೆ ಹೊರಟಿದ್ದ ಖಲೀಫಾ ಉಮರ್(ರ) ಅಲ್ಲಿ ಪ್ಲೇಗ್ ಹರಡಿದ ಸುದ್ದಿ ಕೇಳಿ ದಾರಿಯಿಂದಲೇ ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇನೆಂದು ಉತ್ತರಿಸಿದರು. ದ್ವಿಚಕ್ರ ವಾಹನದ ಥರ್ಡ್ ಪಾರ್ಟಿ ವಿಮೆಯನ್ನು ಕಾನೂನಿಗೆ ಹೆದರಿ ವರ್ಷವೂ ಕಟ್ಟುವ ನಾವು, ಅದರ ಮೇಲೆ ಕುಳಿತುಕೊಳ್ಳುವ ಮನುಷ್ಯನ ವಿಷಯ ಬಂದಾಗ ಮಾತ್ರ ತವಕ್ಕುಲ್‌ನ ಪಾಠ ಶುರುಮಾಡುತ್ತೇವೆ.

ಕರಾವಳಿಯವರಿಗೆ ಇನ್ನೊಂದು ಮಾತು. ಸೌದಿ ಅರೇಬಿಯಾ 1999ರಲ್ಲಿ ಸಹಕಾರಿ ಆರೋಗ್ಯ ವಿಮೆಯ ಕಾನೂನು ತಂದಿತು, ದುಬೈ 2013ರಲ್ಲಿ ಆರೋಗ್ಯ ವಿಮೆಯನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು. ಅಲ್ಲಿ ದುಡಿಯುವ ನಮ್ಮ ಮಕ್ಕಳ ಕಿಸೆಯಲ್ಲಿ ವಿಮೆಯ ಕಾರ್ಡಿದೆ. ಊರಿನಲ್ಲಿರುವ ಅವರ ತಂದೆ-ತಾಯಿಯ ಕೈಯಲ್ಲಿ ಏನಿದೆ?

ಸರಕಾರದ ಯೋಜನೆಗಳಿಲ್ಲವೇ ಎಂದು ಕೇಳಬಹುದು. ಇವೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಇಷ್ಟಿದ್ದೂ ಕಾರ್ಡು ಮಾಡಿಸದೆ ಶಾಲಿನ ಮೊರೆ ಹೋಗುವ ಕುಟುಂಬಗಳಿವೆ. ತುರ್ತಲ್ಲದ ಚಿಕಿತ್ಸೆಗೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬುದು ಗೊತ್ತಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸಿಕ್ಕಿಬೀಳುವವರೂ ಇದ್ದಾರೆ. ಎಪಿಎಲ್ ಕುಟುಂಬಕ್ಕಾದರೆ ಸಿಗುವುದು ನಿಗದಿತ ದರದ ಶೇ. 30, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ನಮ್ಮ ಸಣ್ಣ ಅಂಗಡಿಕಾರ, ಗ್ಯಾರೇಜಿನವನು, ಖಾಸಗಿ ಶಾಲೆಯ ಶಿಕ್ಷಕಿ ಹಲವು ಬಾರಿ ಈ ಗುಂಪಿಗೆ ಸೇರುತ್ತಾರೆ. ನಮ್ಮಲ್ಲಿ ಸ್ವಯಂ ಉದ್ಯೋಗಿಗಳೇ ಹೆಚ್ಚೆಂದು 2006ರಲ್ಲಿ ಸಾಚಾರ್ ವರದಿ ತೋರಿಸಿದೆ. ಅವರಿಗೆ ಇಎಸ್‌ಐಯೂ ಇಲ್ಲ, ಕಂಪೆನಿಯ ವಿಮೆಯೂ ಇಲ್ಲ. ಇವರು ತಮ್ಮ ದುಡ್ಡಿನಿಂದ ವಿಮೆ ಕೊಂಡರೆ ಅದರ ಮೇಲೂ ಶೇ. 18 ಜಿಎಸ್‌ಟಿ ಹೇರಿದ್ದ ಸರಕಾರ, 2025ರ ಸೆಪ್ಟೆಂಬರ್ 22ರಂದು ಅದನ್ನು ತೆಗೆದುಹಾಕಲು ಎಂಟು ವರ್ಷ ತೆಗೆದುಕೊಂಡಿತು. ರೋಗದ ಭಯಕ್ಕೂ ತೆರಿಗೆ ವಿಧಿಸಿದವರು ಜನಪರರೆಂದು ಹೇಳಿಕೊಳ್ಳುವುದನ್ನು ನಾವು ಕೇಳಬೇಕಾಗಿದೆ.

ವಿಮಾ ಕಂಪೆನಿಗಳೇನೂ ಧರ್ಮಛತ್ರಗಳಲ್ಲ. ಪಾಲಿಸಿಗೆ ಮೊದಲೇ ಇರುವ ರೋಗಕ್ಕೆ ಕಾಯುವ ಅವಧಿಯೆಂಬುದಿದೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದರ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಅಂದರೆ ರೋಗ ಬಂದ ಮೇಲೆ ವಿಮೆ ಹುಡುಕುವವನಿಗೆ ಆ ರೋಗಕ್ಕೆ ಮೂರು ವರ್ಷದವರೆಗೂ ಏನೂ ಸಿಗದಿರಬಹುದು. ಆರೋಗ್ಯವಾಗಿರುವಾಗಲೇ ಮಾಡಿಸಬೇಕಾದ ಕೆಲಸವಿದು. ಇನ್ನು ಏಜೆಂಟನ ಮಾತು ಕೇಳಿ ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನೋ ಹಳೆಯ ಹೊಟ್ಟೆನೋವನ್ನೋ ಬಚ್ಚಿಡುವವರಿದ್ದಾರೆ. ಸತತ ಐದು ವರ್ಷ ಕಂತು ಕಟ್ಟಿದ ಮೇಲೆ, ಸಾಬೀತಾದ ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟ ನೆಪದಲ್ಲಿ ಕಂಪೆನಿ ಹಣ ನಿರಾಕರಿಸುವಂತಿಲ್ಲ. ಅದಕ್ಕೆ ಮೊದಲು ಸಿಕ್ಕಿಬಿದ್ದರೆ ಕಟ್ಟಿದ್ದೂ ಹೋಯಿತು, ಚಿಕಿತ್ಸೆಯೂ ಹೋಯಿತು. ವಿಮೆ ಹರಾಮೋ ಹಲಾಲೋ ಎಂಬಲ್ಲಿ ಅಭಿಪ್ರಾಯಭೇದವಿದೆ. ಸುಳ್ಳು ಹೇಳುವುದರಲ್ಲಿ ಯಾವ ಮದ್‌ಹಬ್‌ನಲ್ಲೂ ಅಭಿಪ್ರಾಯಭೇದವಿಲ್ಲ. ಮೂವತ್ತು ದಿನಗಳೊಳಗೆ ಪಾಲಿಸಿಯನ್ನು ಓದಿ ಬೇಡವೆಂದರೆ ಹಿಂದಿರುಗಿಸಬಹುದು. ನಾವು ಓದುವುದೇ ಇಲ್ಲ. ಅನ್ಯಾಯವಾದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ, ದೂರಿಗೆ ಶುಲ್ಕವಿಲ್ಲ.

ಆದರೂ ನನ್ನ ಮುಖ್ಯ ಆಕ್ಷೇಪ ಕಂಪೆನಿಗಳ ಮೇಲಲ್ಲ, ನಮ್ಮ ಜಮಾಅತ್‌ಗಳ ಮೇಲೆ. 2003ರಲ್ಲಿ ಇದೇ ಕರ್ನಾಟಕದಲ್ಲಿ ಯಶಸ್ವಿನಿ ಯೋಜನೆ ಕಾರ್ಯಾರಂಭ ಮಾಡಿತು. ಸಹಕಾರಿ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕೊಟ್ಟರು. ಸರಕಾರವೂ ಪಾಲು ಸೇರಿಸಿತು. ಹಣ ವಿಮಾ ಕಂಪೆನಿಗೆ ಹೋಗದೆ ಒಂದು ಟ್ರಸ್ಟಿನಲ್ಲಿ ನಿಂತು ರೈತರ ಶಸ್ತ್ರಚಿಕಿತ್ಸೆಗೆ ಬಳಕೆಯಾಯಿತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡು, 2022ರಲ್ಲಿ ಅದನ್ನು ಮತ್ತೆ ಪ್ರಾರಂಭಿಸಲಾಯಿತು. ದಂಡಯಾತ್ರೆಯಲ್ಲಿ ಆಹಾರ ಮುಗಿಯುತ್ತಾ ಬಂದಾಗ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದ ಅಶ್‌ಅರೀ ಬಳಗವನ್ನು ಪ್ರವಾದಿವರ್ಯರು(ಸ) ತನ್ನವರೆಂದು ಕರೆದರು. ತಕಾಫುಲ್‌ನ ಚರ್ಚೆಗಳಲ್ಲಿ ನಾವು ಆ ಹದೀಸನ್ನು ಓದುತ್ತಾ ಕುಳಿತಿದ್ದಾಗ, ಅದರ ಹೆಸರೂ ಕೇಳದ ಮಂಡ್ಯ, ಹಾಸನದ ಹಾಲು ಉತ್ಪಾದಕರು ಆ ಬಟ್ಟೆಯನ್ನು ಹಾಸಿದ್ದರು. ನಮ್ಮ ಮಸೀದಿಯ ಶಾಲೂ ಬಟ್ಟೆಯೇ, ಆದರೆ ಅದನ್ನು ಹಾಸುವುದು ಹಸಿವಾದ ನಂತರ.

ನಾಲ್ಕು ನೂರು ಮನೆಗಳ ಒಂದು ಜಮಾಅತ್ ಮನೆಗೆ ತಿಂಗಳಿಗೆ 200 ರೂಪಾಯಿ ಸಂಗ್ರಹಿಸಿದರೆ ವರ್ಷಕ್ಕೆ 9,60,000 ರೂಪಾಯಿ. ದೊಡ್ಡ ಶಸ್ತ್ರಚಿಕಿತ್ಸೆಗಳನ್ನೆಲ್ಲ ಇದು ಭರಿಸದು, ನಿಜ. ಅದಕ್ಕೆ ಆಯುಷ್ಮಾನ್ ಕಾರ್ಡು, ಯಶಸ್ವಿನಿ ಅಥವಾ ವಿಮೆ ಇರಲಿ. ಈ ನಿಧಿಯ ಕೆಲಸ ಬೇರೆ. ಸಾಮಾನ್ಯ ವಿಮೆ ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತದೆ. ದೀರ್ಘಕಾಲೀನ ರೋಗಿಯನ್ನು ಬಡವನನ್ನಾಗಿಸುವುದು ಮನೆಯಲ್ಲೇ ನುಂಗುವ ಪ್ರತಿ ತಿಂಗಳ ಮಾತ್ರೆ, ಪ್ರತಿ ಆರು ತಿಂಗಳ ಪರೀಕ್ಷೆ. ಅರ್ಹರಾದವರಿಗೆ ಝಕಾತ್‌ನಿಂದಲೂ ಇದನ್ನು ಒದಗಿಸಬಹುದು. ಸಾಲದಲ್ಲಿ ಮುಳುಗಿದವನೂ ಕುರ್‌ಆನ್ ಹೆಸರಿಸಿದ ಎಂಟು ವರ್ಗಗಳಲ್ಲಿ ಒಬ್ಬ. ರೋಗಿಯ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುವ ಅಗತ್ಯವೂ ಇರುವುದಿಲ್ಲ.

ಆ ಹಾರ್ಡ್‌ವೇರ್ ಅಂಗಡಿಯ ಸಹೋದರರು ಗುಣಮುಖರಾಗಿ ಮನೆಗೆ ಬಂದಿದ್ದಾರೆ. ಅಂಗಡಿ ಈಗ ಬೇರೆಯವರದು. ಬಳೆಗಳು ಇನ್ನೂ ಅಡವಿನಲ್ಲಿವೆ, ತಿಂಗಳ ಬಡ್ಡಿಯನ್ನು ಹಿರಿಯ ಮಗ ಕಟ್ಟುತ್ತಿದ್ದಾನೆ. ಕಳೆದ ಮಹಾಸಭೆಯಲ್ಲಿ ಅವರ ಜಮಾಅತ್ ಆರೋಗ್ಯ ನಿಧಿಯ ಪ್ರಸ್ತಾಪವನ್ನು ಮುಂದಿನ ವರ್ಷಕ್ಕೆ ಮುಂದೂಡಿತು. ಮಿನಾರಿನ ಹೊಸ ದೀಪಾಲಂಕಾರದ ಅಂದಾಜು ಪಟ್ಟಿಗೆ ಮಂಜೂರಾತಿ ಸಿಕ್ಕಿತು.