ಕೊಳವೆಬಾವಿಯ ಬಳಿಯೇ ಇರಲಿ ಐಸೊಲೇಟರ್

ಮನೆಯ ಕೊಳವೆಬಾವಿಗೆ ಸಬ್‌ಮರ್ಸಿಬಲ್ ಪಂಪ್ ಕೊಳ್ಳುವ ಗ್ರಾಹಕರು ಮೋಟಾರಿನ ಅಶ್ವಶಕ್ತಿ, ಪೈಪಿನ ಗುಣಮಟ್ಟ, ಕೇಬಲ್ಲಿನ ಉದ್ದ ಇವುಗಳ ಬಗ್ಗೆ ಹತ್ತು ಬಾರಿ ವಿಚಾರಿಸುತ್ತಾರೆ. ಆದರೆ ಬಾವಿಯ ಬಳಿ ವಿದ್ಯುತ್ತನ್ನು ಸಂಪೂರ್ಣ ಕಡಿತಗೊಳಿಸುವ ಸ್ವಿಚ್ ಬೇಕೆಂದು ಕೇಳುವವರು ವಿರಳ. ಮಾರುವ ವರ್ತಕರೂ ಸಾಮಾನ್ಯವಾಗಿ ಆ ವಿಷಯವನ್ನು ಪ್ರಸ್ತಾಪಿಸುವುದಿಲ್ಲ. ಈ ಮೌನ ಸರಿಯಲ್ಲ.

ಬಾವಿ ಹಿತ್ತಲಿನಲ್ಲೋ ಕಾಂಪೌಂಡಿನ ಮೂಲೆಯಲ್ಲೋ ಇದ್ದರೆ, ಪ್ಯಾನೆಲ್ ಬೋರ್ಡ್ ಮನೆಯೊಳಗಿರುತ್ತದೆ. ಪಂಪ್ ಎತ್ತುವ ಕೆಲಸಗಾರರು ಹೊರಗೆ ಕೇಬಲ್ ಜೋಡಣೆಯನ್ನು ಬಿಚ್ಚುತ್ತಿರುವಾಗ, ನಲ್ಲಿಯಲ್ಲಿ ನೀರಿಲ್ಲವೆಂದು ಒಳಗಿನವರು ಗುಂಡಿ ಒತ್ತಿದರೆ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ. ತೊಟ್ಟಿಯ ನೀರಿನ ಮಟ್ಟವನ್ನು ಗಮನಿಸಿ ತಾನಾಗಿಯೇ ಚಾಲನೆಗೊಳ್ಳುವ ನಿಯಂತ್ರಕಗಳು ಬಂದ ಮೇಲೆ ಗುಂಡಿ ಒತ್ತುವವರ ಅವಶ್ಯಕತೆಯೂ ಇಲ್ಲವಾಗಿದೆ.

ಸ್ಟಾರ್ಟರಿನ ಕೆಂಪು ಗುಂಡಿ ಮೋಟಾರನ್ನು ನಿಲ್ಲಿಸುತ್ತದೆಯೇ ಹೊರತು ಅದನ್ನು ಮತ್ತೆ ಯಾರೂ ಚಾಲೂ ಮಾಡದಂತೆ ತಡೆಯುವುದಿಲ್ಲ. ಏಕ ಪೋಲಿನ ಎಂಸಿಬಿ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವ ಮನೆಗಳಲ್ಲಿ ಮೋಟಾರಿಗೆ ವಿದ್ಯುತ್ ಉಳಿದೇ ಇರುತ್ತದೆ. ಕೆಪಾಸಿಟರ್ ಪ್ಯಾನೆಲ್ಲಿನಲ್ಲಿರುವ ಸಿಂಗಲ್ ಫೇಸ್ ಪಂಪುಗಳಿಗೂ ಬಾವಿಯವರೆಗೆ ಮೂರು ತಂತಿಗಳು ಹೋಗುತ್ತವೆ. ಆದುದರಿಂದ ಮೂರನ್ನೂ ಒಮ್ಮೆಗೇ ಕಡಿಯುವ, ಮೋಟಾರಿನ ಭಾರಕ್ಕೆ ತಕ್ಕ ಮೂರು ಪೋಲಿನ ಐಸೊಲೇಟರ್ ಅಗತ್ಯ. ಅದು ಮಳೆನೀರು ನುಗ್ಗದ ಪೆಟ್ಟಿಗೆಯಲ್ಲಿದ್ದು, ಹಿಡಿಗೆ ಬೀಗ ಹಾಕುವ ಅನುಕೂಲವಿರಬೇಕು. ಅರ್ಥ್ ತಂತಿಯನ್ನು ಮಾತ್ರ ಎಂದಿಗೂ ಸ್ವಿಚ್ಚಿನ ಮೂಲಕ ಕಡಿಯಬಾರದು.

ಇದು ಹೊಸ ಬೇಡಿಕೆಯೇನೂ ಅಲ್ಲ. ಮೋಟಾರಿನ ಸಮೀಪದಲ್ಲಿ, ಕೈಗೆ ಸುಲಭವಾಗಿ ಎಟಕುವಂತೆ ನಿಯಂತ್ರಣ ಸ್ವಿಚ್ ಇರಬೇಕೆಂಬ ತತ್ವ 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 50ನೇ ನಿಯಮದಲ್ಲಿಯೇ ಇತ್ತು. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿತು. ಆ ನಿಯಮಾವಳಿಯ ಸ್ಥಾನದಲ್ಲಿ 2023ರ ನಿಯಮಾವಳಿ ಬಂದಿದೆ. ಕಾರ್ಖಾನೆಯಲ್ಲಿ ತಪಾಸಣೆಯ ಭಯದಿಂದಲಾದರೂ ಪಾಲನೆಯಾಗುವ ಈ ಶಿಸ್ತು ಮನೆಯ ಹಿತ್ತಲನ್ನು ತಲುಪಿಲ್ಲ.

ಬೆಲೆ ಹೆಚ್ಚಾದರೆ ಗ್ರಾಹಕ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ವರ್ತಕರ ಆತಂಕ ನಿರಾಧಾರವಲ್ಲ. ಆದರೆ ಬಾವಿ ಕೊರೆಯುವುದು, ಪಂಪ್, ಕೇಬಲ್, ಪೈಪು ಇವುಗಳ ಒಟ್ಟು ವೆಚ್ಚದಲ್ಲಿ ಐಸೊಲೇಟರಿನ ಪಾಲು ಅತ್ಯಲ್ಪ. ಪ್ರತ್ಯೇಕ ವಸ್ತುವಾಗಿ ತೋರಿಸಿದರೆ ಬೇಡವೆನ್ನುವ ಗ್ರಾಹಕ, ಪ್ಯಾನೆಲ್ಲಿನೊಂದಿಗೆ ಒಂದೇ ಸೆಟ್ ಆಗಿ ಕೊಟ್ಟರೆ ಒಪ್ಪುತ್ತಾನೆ. ಪ್ಯಾನೆಲ್ ಬೋರ್ಡ್ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಇದು ಕಷ್ಟದ ಕೆಲಸವಲ್ಲ. ಐಎಸ್/ಐಇಸಿ 60947ರ 3ನೇ ಭಾಗಕ್ಕೆ ಅನುಗುಣವಾದ ಸ್ವಿಚ್ಚುಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ. ಬೇಕಾಗಿರುವುದು ಒಂದು ಪೆಟ್ಟಿಗೆ, ಒಂದು ಬೀಗ ಮತ್ತು ಕನ್ನಡದಲ್ಲಿ ಅಚ್ಚಾದ ಜೋಡಣೆಯ ನಕ್ಷೆ.

ಗ್ರಾಹಕ ಕೇಳಿದ್ದನ್ನು ಕೊಡುವುದು ವ್ಯಾಪಾರ. ಅವನಿಗೆ ತಿಳಿಯದ ಅಪಾಯವನ್ನು ತಿಳಿಸಿ ಕೊಡುವುದು ವ್ಯಾಪಾರದ ಘನತೆ. ಬಾವಿಯ ಬಳಿ ಕೆಲಸ ಮಾಡುವವನ ಪ್ರಾಣ ಮನೆಯೊಳಗಿನವರ ನೆನಪಿನ ಶಕ್ತಿಯನ್ನು ಅವಲಂಬಿಸಬಾರದು. ಅದರ ಬೀಗದ ಕೀಲಿ ಅವನ ಜೇಬಿನಲ್ಲೇ ಇರಬೇಕು.